ಪಕೀರಪ್ಪನಿಗಿಂತ ಮೊದಲು

ರಾಯಚೂರು
11 ಮಾರ್ಚ್ 2024

ಅವ್ವಾ,

ನಾಲ್ಕು ದಿನದಿಂದ ನೀನು ಫೋನ್ ಎತ್ತುತ್ತಿಲ್ಲ. ಮೊದಲ ದಿನ ಚಾರ್ಜ್ ಇಲ್ಲವೇನೋ ಅಂದುಕೊಂಡೆ. ಎರಡನೇ ದಿನ ಶಾಲೆಯಲ್ಲಿ ಬಿಸಿಯೂಟದ ಪಾತ್ರೆ ತಿಕ್ಕುತ್ತಿದ್ದೀಯೇನೋ ಅಂದುಕೊಂಡೆ. ಮೂರನೇ ದಿನ ಮಾನ್ವಿಯಿಂದ ಅಣ್ಣ ಫೋನ್ ಮಾಡಿ, ಈಗಷ್ಟೇ ನಿನ್ನ ಜೊತೆ ಮಾತಾಡಿದೆ ಅಂದ. ಅಂದರೆ ಫೋನ್ ಸರಿಯಾಗಿಯೇ ಇದೆ, ನೀನು ಎತ್ತದಿರುವುದು ನನ್ನದನ್ನು ಮಾತ್ರ. ಅದಕ್ಕೇ ಕಾಗದ ಹಿಡಿದಿದ್ದೇನೆ. ನಾನು ಹಾಸ್ಟೆಲಿನಲ್ಲಿದ್ದಾಗ ವಾರಕ್ಕೊಂದು ಕಾರ್ಡ್ ಬರೆಯುತ್ತಿದ್ದವಳು ನೀನೇ. ಸಾಕ್ಷರತೆ ಕ್ಲಾಸಿನಲ್ಲಿ ಕಲಿತ ಅಕ್ಷರಕ್ಕೆ ತುಕ್ಕು ಹಿಡಿಯಬಾರದು ಅನ್ನುತ್ತಿದ್ದೆ. ಪೋಸ್ಟ್‌ಮನ್ ತಂದುಕೊಟ್ಟ ಕಾಗದವನ್ನು ಕಟ್ ಮಾಡುವ ಗುಂಡಿಯನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ.

ಫೋನಿನಲ್ಲಿ ನಾನು ಅವಸರದಲ್ಲಿ ಕೇಳಿಬಿಟ್ಟೆ. ಈಗ ಮೊದಲಿನಿಂದ ಹೇಳುತ್ತೇನೆ.

ಸಂಜೀವನಿಗೆ ಮೂರು ತುಂಬಿತು. ಈ ಒಂದು ವರ್ಷದಲ್ಲಿ ಎರಡು ಸಲ ನ್ಯುಮೋನಿಯಾ ಆಗಿದೆ. ಅವನ ಜ್ವರಗಳನ್ನೆಲ್ಲ ಶಾಲೆಯ ಹಳೇ ಡೈರಿಯಲ್ಲಿ ಬರೆದಿಡುತ್ತಾ ಬಂದಿದ್ದೇನೆ, ಪುಟ ತಿರುವಿದರೆ ಜ್ವರವಿಲ್ಲದ ತಿಂಗಳೇ ಸಿಗುವುದಿಲ್ಲ. ಔಷಧಿ ಕುಡಿಸಿದರೆ ಇಳಿಯುತ್ತದೆ, ಬಾಟಲಿ ಖಾಲಿಯಾದ ವಾರಕ್ಕೆ ಮತ್ತೆ ಏರುತ್ತದೆ. ಮಕ್ಕಳು ಅಂದ ಮೇಲೆ ಮೂಗು ಸೋರೋದೇ, ಶೇಖರನೂ ಹಾಗೇ ಇದ್ದ ಅನ್ನುತ್ತಾರೆ ಗೋಪಮ್ಮತ್ತೆ. ನಿನ್ನ ಅಳಿಯ ಮಟಮಾರಿ ಶಾಲೆಯಲ್ಲಿ ದಿನಾ ನಲವತ್ತು ಮೂಗು ನೋಡುವ ಮಾಸ್ತರು, ಅವರೂ ತಾಯಿಯ ಮಾತಿಗೆ ತಲೆಯಾಡಿಸುತ್ತಾರೆ. ಎಲ್ಲ ಮಕ್ಕಳಿಗೂ ನೆಗಡಿ ಬರುತ್ತದೆ ಅಂತ ನನಗೂ ಗೊತ್ತು ಅವ್ವಾ. ಆದರೆ ಅವರದು ಬಂದು ಹೋಗುತ್ತದೆ. ಇವನದು ಹೋದಂತೆ ಮಾಡಿ ಬಾಗಿಲಿಂದ ತಿರುಗಿ ಬರುತ್ತದೆ. ಇಲ್ಲಿ ನಮ್ಮ ಪಕ್ಕದ ಮನೆಯ ಗುಲ್ಫಶಾಳ ಮಗ ಇವನಿಗಿಂತ ಐದು ತಿಂಗಳಿಗೆ ಸಣ್ಣವನು, ಅವನ ಅಂಗಿ ಇವನಿಗೆ ದೊಗಳೆಯಾಗುತ್ತದೆ.

ಈಗ ಪ್ರಿಯದರ್ಶಿನಿ ಅಂತ ಹೊಸ ಮಕ್ಕಳ ಡಾಕ್ಟರ ಹತ್ತಿರ ತೋರಿಸುತ್ತಿದ್ದೇವೆ. ಲಿಂಗಸುಗೂರು ಕಡೆಯವರು. ಅವರು ನನ್ನ ಡೈರಿಯನ್ನು ಪೂರ್ತಿ ಓದಿದರು. ಆಮೇಲೆ, ನಿಮ್ಮ ತವರಿನಲ್ಲಿ ಸಣ್ಣವರಿದ್ದಾಗಲೇ ತೀರಿಕೊಂಡ ಗಂಡುಮಕ್ಕಳು ಇದ್ದಾರಾ ಅಂತ ಕೇಳಿದರು. ಇಲ್ಲ ಅಂದೆ. ನಮ್ಮ ಅವ್ವನಿಗೆ ನಾವಿಬ್ಬರೇ, ಅಣ್ಣ ಮತ್ತು ನಾನು ಅಂದೆ. ಅವರು ಹಾಗೇ ಬರೆದುಕೊಂಡರು. ಅಷ್ಟರಲ್ಲಿ ಅಣ್ಣ ಬಿಸ್ಕೆಟ್ ತಗೊಂಡು ಒಳಗೆ ಬಂದ, ನಾನು ಹೆಸರು ಹೇಳಿ ಪರಿಚಯ ಮಾಡಿಸಿದೆ. ಅವನು ಮಗುವನ್ನು ಎತ್ತಿಕೊಂಡು ಹೊರಗೆ ಹೋದ ಮೇಲೆ ಡಾಕ್ಟರು ಪೆನ್ನು ಕೆಳಗಿಟ್ಟರು.

"ನಮ್ಮ ಸೀಮ್ಯಾಗ ಸುಮ್ಮಸುಮ್ನ ಯಾರೂ ಪಕೀರಪ್ಪ ಅಂತ ಹೆಸರಿಡಂಗಿಲ್ಲಲ್ರೀ. ಮೊದಲಿನವು ಉಳೀಲಿಲ್ಲಂದ್ರ ದರ್ಗಾಕ್ಕ ಬೇಡಿಕೊಂಡು ಇಡತಾರ. ನಿಮ್ಮ ತಾಯಿನ್ನ ಒಮ್ಮೆ ಕೇಳ್ರಿ" ಅಂದರು.

ಮನೆಯಲ್ಲೇ ದಿನಾ ಕೂಗಿದ ಹೆಸರು. ಅದು ಯಾಕೆ ಬಂತು ಅಂತ ಒಂದು ದಿನವೂ ನನಗೆ ಕೇಳಬೇಕು ಅನಿಸಿರಲಿಲ್ಲ. ಆಸ್ಪತ್ರೆಯ ವರಾಂಡದಲ್ಲೇ ನಿಂತು ನಿನಗೆ ಫೋನ್ ಮಾಡಿದೆ, ಕೇಳಿದ ಕೂಡಲೇ ನೀನು ಕಟ್ ಮಾಡಿದೆ.

ಅಣ್ಣನಿಗಿಂತ ಮೊದಲು ಯಾರಾದರೂ ಇದ್ದರಾ ಅವ್ವಾ? ಒಂದು ಸಾಲು ಬರೆದರೆ ಸಾಕು.

ನಿನ್ನ
ಸುಜಾತಾ


ದೇವದುರ್ಗ
24 ಮಾರ್ಚ್ 2024

ಸುಜಾತಾಗ ಅವ್ವ ಬರಿಯೋದು.

ಕಾಗದ ಮುಟ್ಟೇದ. ಪೋಸ್ಟಿನವ ಸೀದಾ ಶಾಲಿಗೇ ತಂದು ಶಿವಗಂಗಾ ಟೀಚರ್ ಮುಂದ ಕೊಟ್ಟ. ಮಗಳ ಬಲ್ಲಿ ಫೋನ್ ಇಲ್ಲೇನು ಪಾರ್ವತೆಮ್ಮ ಅಂತ ಟೀಚರ್ ಕೇಳಿದ್ರು. ನನ್ನ ಮಗಳೂ ನಿಮ್ಮಂಗ ಟೀಚರ್ ಅದಾಳ್ರೀ, ಬರಿಯೋ ಚಟ ಅಂದೆ. ನಕ್ರು.

ಕೂಸಿಗೆ ರಾತ್ರಿ ಎದಿಗೆ ಬೆಚ್ಚಗಿನ ಎಣ್ಣಿ ಹಚ್ಚು. ತಣ್ಣನ್ನದು ಕೊಡಬ್ಯಾಡ. ನಿಮ್ಮತ್ತಿ ಹೇಳೋದು ಪೂರ್ತಿ ಸುಳ್ಳಲ್ಲ, ಅಕಿ ನಾಲ್ಕು ಹಡದಾಕಿ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಮಾಡಿ ರಾಯಚೂರು ಬಸ್ಸಿನ ಕಂಡಕ್ಟರ್ ಕೈಯಾಗ ಕಳಿಸೀನಿ, ಸ್ಟ್ಯಾಂಡಿಗೆ ಹೋಗಿ ಇಸ್ಕೋ. ನೀ ಸ್ವಲ್ಪ ಉಣ್ಣು. ಕಾಗದ ಓದಿದ್ರ ತೆಳ್ಳಗಾಗೀದಿ ಅನಸ್ತದ.

ಪಕೀರಪ್ಪ ಹೋದ ವಾರ ಬಂದಿದ್ದ. ಹಿರೇಕೊಟ್ನೆಕಲ್ ಕಡಿ ಗಾಳಿಗೆ ಕಂಬ ಬಿದ್ದಾವಂತ, ಹಗಲೆಲ್ಲಾ ಅದೇ ಕೆಲಸ. ಲೈನ್‌ಮನ್ ಆದಾಗ ಸರ್ಕಾರಿ ನೌಕರಿ ಅಂತ ಓಣಿಗೆಲ್ಲಾ ಸಕ್ಕರಿ ಹಂಚಿದಾಕಿ ನಾನೇ. ಈಗ ದಿನಾ ಅಂವ ಕಂಬ ಇಳಿದೀನಿ ಅಂತ ಫೋನ್ ಮಾಡೋ ತನಕ ನನ್ನ ಗಂಟಲದಾಗ ನೀರು ಇಳಿಯಂಗಿಲ್ಲ. ಅಂಥವನ ಮ್ಯಾಲ ಹಳೇದೆಲ್ಲಾ ಯಾಕ ಕೆದರತಿ? ಬೂದಿ ಕೆದರಿದ್ರ ಕೆಂಡ ಸಿಗತದ, ಬಂಗಾರ ಸಿಗಂಗಿಲ್ಲ.

ಡಾಕ್ಟ್ರಮ್ಮಗ ಔಷಧಿ ಕೊಡಾಕ ಹೇಳು. ಮಾವನ ಹೆಸರು ಕೇಳಿ ಅಳಿಯನ ಬ್ಯಾನಿ ಹೇಳೋ ಡಾಕ್ಟರನ್ನ ನಾ ಎಲ್ಲೂ ಕಂಡಿಲ್ಲ.

ಇಂತಿ ನಿನ್ನ ಅವ್ವ
ಪಾರ್ವತೆಮ್ಮ

ಮತ್ತ, ಕೂಸಿನ ಕಿವಿ ಸೋರತದೇನು? ಸೋರಿದ್ರ ಜಳಕ ಮಾಡಿಸುವಾಗ ನೀರು ಹೋಗದಂಗ ನೋಡಿಕೋ.


ರಾಯಚೂರು
9 ಏಪ್ರಿಲ್ 2024

ಅವ್ವಾ,

ಹಿಂಡಿ ಸಿಕ್ಕಿತು. ಎರಡು ದಿನ ಅದನ್ನೇ ರೊಟ್ಟಿಗೆ ಹಚ್ಚಿಕೊಂಡು ತಿಂದೆ, ಅಳುತ್ತಾ ತಿಂದೆ. ಖಾರಕ್ಕೆ ಅಂತ ಅತ್ತೆಗೆ ಹೇಳಿದೆ.

ಕಿವಿಯ ವಿಷಯ ನಾನು ನಿನಗೆ ಬರೆದಿರಲಿಲ್ಲ. ಫೋನಿನಲ್ಲೂ ಹೇಳಿರಲಿಲ್ಲ, ಅಣ್ಣನಿಗೂ ಗೊತ್ತಿಲ್ಲ. ನಿನಗೆ ಯಾರು ಹೇಳಿದರು?

ಸೋರುತ್ತದೆ. ಸಂಕ್ರಾಂತಿಯಿಂದ ಬಲಗಿವಿ, ಶಿವರಾತ್ರಿಯ ಹೊತ್ತಿಗೆ ಎಡಗಿವಿಯೂ ಶುರುವಾಯಿತು. ದಿಂಬಿಗೆ ಹಳದಿ ಕಲೆ ಆಗುತ್ತದೆ. ಆ ವಾಸನೆ ಎಷ್ಟು ತೊಳೆದರೂ ಹೋಗುವುದಿಲ್ಲ, ಪಾಠ ಮಾಡುವಾಗಲೂ ನನ್ನ ಸೆರಗಿನಲ್ಲಿ ಇರುತ್ತದೆ.

ಡಾಕ್ಟರು ಮೊನ್ನೆ ಅವನ ಬಾಯಿ ತೆರೆಸಿ ಬ್ಯಾಟರಿ ಹಾಕಿ ಬಹಳ ಹೊತ್ತು ನೋಡಿದರು. ಗಂಟಲಿನ ಎರಡು ಕಡೆ ಎಲ್ಲ ಮಕ್ಕಳಿಗೂ ಗಡ್ಡೆ ಇರುತ್ತವಂತೆ, ಇಷ್ಟು ಸಲ ಕಾಯಿಲೆ ಬಿದ್ದವನಿಗೆ ಅವು ಊದಿಕೊಂಡಿರಬೇಕಂತೆ. ಇವನಿಗೆ ಅವು ಕಾಣಿಸುವುದೇ ಇಲ್ಲ. ಹುಟ್ಟಿನಿಂದಲೇ ರೋಗದ ಜೊತೆ ಹೊಡೆದಾಡುವ ಶಕ್ತಿ ಇಲ್ಲದ ಮಕ್ಕಳು ಇರುತ್ತಾರೆ, ಇವನೂ ಹಾಗಿರಬಹುದು ಅನ್ನುತ್ತಾರೆ. ಅದು ತಿಳಿಯಬೇಕಾದರೆ ರಕ್ತ ಹೈದರಾಬಾದಿಗೆ ಹೋಗಬೇಕು. ಗೊತ್ತಾಗುವವರೆಗೆ ಬಾಯಿಗೆ ಹಾಕುವ ಪೋಲಿಯೋ ಹನಿಯನ್ನೂ ಹಾಕಿಸಬೇಡಿ ಅಂದಿದ್ದಾರೆ. ನಿನ್ನ ಅಳಿಯ ಕರೆದುಕೊಂಡು ಹೋಗಿ ತೋರಿಸಿದ ಇನ್ನೊಬ್ಬ ದೊಡ್ಡ ಡಾಕ್ಟರು ಎಕ್ಸ್‌ರೇ ನೋಡಿ, ಎದೆಯಲ್ಲಿ ನೆರಳಿದೆ, ಕ್ಷಯ ಇರಬಹುದು, ಆರು ತಿಂಗಳು ಗುಳಿಗೆ ಕೊಟ್ಟು ನೋಡೋಣ ಅಂದರು. ಮನೆಯಲ್ಲಿ ಎಲ್ಲರಿಗೂ ಆ ಗುಳಿಗೆಯೇ ಹಿಡಿಸಿದೆ. ಗುಳಿಗೆ ನುಂಗಿಸುವುದು ಸುಲಭ, ವಂಶದಲ್ಲಿ ಏನೋ ಇದೆ ಅಂತ ಒಪ್ಪಿಕೊಳ್ಳುವುದು ಕಷ್ಟ. ಪ್ರಿಯದರ್ಶಿನಿ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ತವರಿನ್ಯಾಗ ಹಿಂಗ ಆಗಿದ್ದು ಖರೇ ಆದ್ರ ಆರು ತಿಂಗಳು ಕಾಯಬ್ಯಾಡ್ರೀ. ಇವನ ಬಲ್ಲಿ ಆರು ತಿಂಗಳು ಇಲ್ಲ."

ನಾನು ಒಬ್ಬಳೇ ಹಟ ಹಿಡಿದರೆ ಹುಚ್ಚಿ ಅನ್ನುತ್ತಾರೆ. ನನ್ನ ಕೈಯಲ್ಲಿ ನಿನ್ನ ಒಂದು ಮಾತು ಬೇಕು.

ಈಗ ಒಂದೊಂದೇ ನೆನಪಾಗುತ್ತಿದೆ. ಅಣ್ಣ ಯಾಕೆ ನಿನ್ನನ್ನು ಯಕ್ಕಾ ಅನ್ನುತ್ತಾನೆ? ಸೋದರಮಾವಂದಿರು ಅಕ್ಕಾ ಅನ್ನುವುದನ್ನು ಕೇಳಿ ಅವನಿಗೂ ರೂಢಿಯಾಗಿದೆ ಅಂತ ಇಷ್ಟು ವರ್ಷ ನಂಬಿದ್ದೆ. ದೇವದುರ್ಗದಲ್ಲಿ ನಿನ್ನ ಪಕ್ಕದ ಮನೆಯ ಗುಲ್ಶನ್ ಬೇಗಂ ಅವರನ್ನು ಮಾತ್ರ ಯಾಕೆ ಅಮ್ಮೀ ಅನ್ನುತ್ತಾನೆ? ಸಂಜೀವನಿಗೆ ಹೆಸರಿಡುವಾಗ ಅತ್ತೆ ಅಂಜಿನೇಯ ಅಂತ ಇಡೋಣ ಅಂದರು. ನೀನು ತೊಟ್ಟಿಲ ಹಗ್ಗ ಬಿಟ್ಟು ಎದ್ದು ನಿಂತು, ಅದೊಂದು ಬ್ಯಾಡ್ರೀ ಅಂದೆ. ಹನುಮಪ್ಪನ ಹೆಸರಿಗೆ ಯಾರಾದರೂ ಬೇಡ ಅನ್ನುತ್ತಾರಾ ಅಂತ ಅತ್ತೆ ಇವತ್ತಿಗೂ ಆಡಿಕೊಳ್ಳುತ್ತಾರೆ.

ನಿನ್ನ ಮೇಲೆ ನನಗೆ ಸಿಟ್ಟಿದೆ. ಅದನ್ನು ಮುಚ್ಚಿಟ್ಟು ನಮಸ್ಕಾರ ಬರೆಯಲು ನನಗೆ ಬರುವುದಿಲ್ಲ.

ಸುಜಾತಾ


ರಾಯಚೂರು, ಆಸ್ಪತ್ರೆಯಿಂದ
21 ಮೇ 2024

ಅವ್ವಾ,

ನಿನ್ನ ಉತ್ತರ ಬರಲಿಲ್ಲ. ಆರು ವಾರ ಆಯಿತು.

ಸಂಜೀವ ಒಂಬತ್ತು ದಿನದಿಂದ ಇಲ್ಲೇ ಇದ್ದಾನೆ. ಮೂರನೇ ಸಲ ನ್ಯುಮೋನಿಯಾ. ಮೂಗಿಗೆ ಆಮ್ಲಜನಕದ ನಳಿಕೆ ಹಾಕಿದ್ದಾರೆ, ಅದನ್ನು ಕಿತ್ತುಹಾಕದಂತೆ ನಾನು ಅವನ ಕೈ ಹಿಡಿದುಕೊಂಡು ಕೂತಿರುತ್ತೇನೆ. ಕಿಟಕಿಯಿಂದ ದೇವದುರ್ಗದ ಬಸ್ಸು ಹೋಗುವುದು ಕಾಣುತ್ತದೆ. ಬಸ್ಸು ಬಂದಾಗಲೆಲ್ಲ, ಅಜ್ಜಿ ಇದರಾಗ ಬಂದಳಾ ಅಂತ ಕೇಳುತ್ತಾನೆ. ಮುಂದಿನದರಲ್ಲಿ ಬರುತ್ತಾಳೆ ಅನ್ನುತ್ತೇನೆ. ಮೂರು ವರ್ಷದ ಮಗುವಿಗೆ ಇಷ್ಟು ಸುಳ್ಳು ಹೇಳಿದ್ದೇ ಇಲ್ಲ.

ನಾನು ಇನ್ನು ಏನೂ ಕೇಳುವುದಿಲ್ಲ. ನೀನು ಬಂದು ಪಕ್ಕದಲ್ಲಿ ಕೂತರೆ ಸಾಕು. ನನಗೆ ನೀನು ಬೇಕು ಅವ್ವಾ.

ಸುಜಾತಾ


ದೇವದುರ್ಗ
2 ಜೂನ್ 2024

ಸುಜಾತಾಗ ಅವ್ವ ಬರಿಯೋದು.

ನಾ ಬಂದಿದ್ದೆ. ಇಪ್ಪತ್ನಾಲ್ಕನೇ ತಾರೀಖು ಮುಂಜಾನಿ ಬಸ್ಸಿಗೆ ಬಂದು ವಾರ್ಡಿನ ಬಾಗಿಲ ತನಕ ಬಂದೆ. ನೀ ಗ್ವಾಡಿಗೆ ತಲಿ ಆನಿಸಿ ನಿದ್ದಿ ಮಾಡಾಕತ್ತಿದ್ದಿ. ಕೂಸು ನನ್ನ ಕಡಿ ಬೆನ್ನು ಮಾಡಿ ಮಲಗಿತ್ತು, ಕಿವ್ಯಾಗ ಹತ್ತಿ. ಬಾಗಿಲದಾಗ ನಿಂತಾಕಿಗೆ ಆ ವಾಸನಿ ಬಂತು. ಒಳಗ ಬಂದಿದ್ರ ನನ್ನ ಬಾಯಿ ನನ್ನ ಮಾತು ಕೇಳತಿದ್ದಿಲ್ಲ. ರೊಟ್ಟಿ ಗಂಟು ಸಿಸ್ಟರ್ ಕೈಯಾಗ ಕೊಟ್ಟು ತಿರುಗಿ ಬಸ್ ಹತ್ತಿದೆ. ಯಾರದೋ ಅಂತ ತಿಂದಿಯೋ ಇಲ್ಲೋ.

ಊರಿಗೆ ಬಂದು ಸೀದಾ ಗುಲ್ಶನ್ ಬೇಗಂ ಮನಿಗೆ ಹೋದೆ. ನನ್ನ ಆಣಿ ಇರೋದು ಅಕಿ ಮುಂದ. ಕೂಸು ಸಾಯಾಕತ್ತೇದ, ಬಾಯಿ ಬಿಟ್ರ ಪಕೀರಪ್ಪಗ ಏನಾರ ಆಗತದ, ಬಿಡದಿದ್ರ ಸಂಜೀವಗ ಆಗತದ, ನಾ ಎತ್ತ ಹೋಗ್ಲಿ ಅಂದೆ. ಅಕಿಗೀಗ ಕಣ್ಣು ಮಂಜು, ಬುದ್ಧಿ ಮಂಜಿಲ್ಲ. ಅಡಕಿ ಕತ್ತರಿಸೋದು ಬಿಟ್ಟಳು. ಆಮ್ಯಾಲ ಅಂದಳು, "ಮೂಂ ಸೆ ನಕ್ಕೊ ಬೋಲ್. ಲಿಖ್ ಕೊ ಭೇಜ್." ಬಾಯಿಲೆ ಹೇಳಬ್ಯಾಡ, ಬರದು ಕಳಸು, ಆಣಿ ಬಾಯಿಂದು, ಕೈಯಿಂದು ಏನದ ಅಂದಳು. ಆಗ ನನಗ ಬರಿಯಾಕ ಎಲ್ಲಿ ಬರತಿತ್ತು, ಅದಕ್ಕ ಕೈಮ್ಯಾಲ ಆಣಿ ಯಾರೂ ಹಾಕಲಿಲ್ಲ.

ಅದಕ್ಕ ಬರಿತೀನಿ. ಬಾಯಿ ಬಿಟ್ಟಿಲ್ಲ, ನೆಪ್ಪಿಟ್ಟುಕೋ. ಫೋನಿನ್ಯಾಗ ಇದನ್ನ ಎಂದೂ ಕೇಳಬ್ಯಾಡ.

ಪಕೀರಪ್ಪಗ ಮೊದಲು ಇಬ್ಬರು ಇದ್ರು. ಇಬ್ಬರೂ ಗಂಡುಸ್ರು.

ಆಗ ನಾವು ಹೊಳಿ ದಂಡಿ ಊರಾಗ ಇದ್ವಿ. ದೊಡ್ಡಂವ ಹುಟ್ಟಿದಾಗ ನನಗ ಹದಿನೆಂಟು. ಆರು ತಿಂಗಳ ತನಕ ಗುಂಡಕಲ್ಲಿನಂಗ ಇದ್ದ, ಎತ್ತಿದ್ರ ಟೊಂಕ ನೋಯ್ತಿತ್ತು. ಆರು ತಿಂಗಳು ದಾಟಿದ ಮ್ಯಾಲ ಕಿವಿ ಸೋರಾಕ ಹತ್ತಿತು. ಆಮ್ಯಾಲ ಬೇದಿ, ಆಮ್ಯಾಲ ಎದಿ. ಒಂದು ಹೋದ್ರ ಇನ್ನೊಂದು. ದೃಷ್ಟಿ ತೆಗದ್ವಿ, ತಾಯಿತ ಕಟ್ಟಿದ್ವಿ, ದೇವದುರ್ಗಕ್ಕ ತಂದು ಇಂಜಕ್ಷನ್ನೂ ಮಾಡಿಸಿದ್ವಿ. ಎರಡು ವರ್ಷ ಮೂರು ತಿಂಗಳಿಗೆ, ದೇವದುರ್ಗದ ದವಾಖಾನಿಗೆ ಬರೋ ಬಂಡ್ಯಾಗ, ನನ್ನ ತೊಡಿ ಮ್ಯಾಲ ಹೋದ. ನಿಮ್ಮಪ್ಪಗ ನಾ ಹೇಳಲಿಲ್ಲ. ಹೇಳಿದ್ರ ಬಂಡಿ ನಿಲ್ಲಸ್ತಾನ ಅಂತ ಹಂಗೇ ಕೂತೆ.

ಎರಡನೇದಂವ ನಗಿ ಮುಖದಂವ. ಅಂವನೂ ಆರು ತಿಂಗಳು ಚಂದ ಇದ್ದ. ಒಂದು ಮುಂಜಾನಿ ಮಲಿ ಕುಡಿಸುವಾಗ ಅಂವನ ಕಿವಿಯಿಂದ ಆ ವಾಸನಿ ಬಂತು. ಅವತ್ತೇ ನನಗ ಗೊತ್ತಾತು. ಇನ್ನೂ ಒಂದು ವರ್ಷದ ಮ್ಯಾಲ ಇದ್ದ, ನಾ ಅವತ್ತಿನಿಂದಲೇ ಅಳಾಕ ಹತ್ತಿದೆ. ಅಂವ ಹೋದ ಮ್ಯಾಲ ನಿಮ್ಮಜ್ಜಿ, ಮಕ್ಕಳನ್ನ ತಿನ್ನಾಕಿ ಅಂತ ನನ್ನ ಕೈಲೆ ನೀರು ಇಸಗೊಳ್ಳೋದು ಬಿಟ್ಟಳು. ನಿಮ್ಮಪ್ಪ ಒಳ್ಳೇ ಮನಷ್ಯಾ, ಗಂಟು ಕಟ್ಟಿಕೊಂಡು ದೇವದುರ್ಗಕ್ಕ ಕರಕೊಂಡು ಬಂದ.

ಇಲ್ಲಿ ಪಕ್ಕದಾಗ ಸತ್ತಾರ್ ಸಾಬರದು ಬಳಿ ಮಾರೋ ಅಂಗಡಿ. ಅವರ ಹೆಂಡತಿ ಗುಲ್ಶನ್ ಬೇಗಂ, ಹೊಟ್ಟಿಲೆ ಇದ್ದ ನನ್ನನ್ನ ದರ್ಗಾಕ್ಕ ಕರಕೊಂಡು ಹೋದಳು. ಪಕೀರಪ್ಪ ಹುಟ್ಟಿದ ಐದನೇ ದಿನಕ್ಕ ಅಂವನ್ನ ಮೊರದಾಗ ಹಾಕಿ ತಿಪ್ಪಿ ಮ್ಯಾಲ ಇಟ್ಟೆ. ಅಕಿ ಬಂದು ಎತ್ತಿಕೊಂಡು ನನ್ನ ಉಡ್ಯಾಗ ಒಂದು ಹಿಡಿ ಜೋಳ ಹಾಕಿದಳು. ಇಂವ ಇನ್ನ ನನ್ನ ಮಗ, ನೀ ಬರೇ ಸಾಕಾಕಿ ಅಂದಳು. ಸಾವು ನನ್ನ ಮನಿ ಹುಡುಕಿಕೊಂಡು ಬಂದ್ರ ಇಲ್ಲಿ ನನ್ನ ಮಗ ಇರಬಾರದು, ಹಂಗ ಅದು. ಮೊದಲಿನವರ ಹೆಸರು ಬಾಯಿಗೆ ತರಂಗಿಲ್ಲ, ಇಂವ ಎಷ್ಟನೇದಂವ ಅಂತ ಹೇಳಂಗಿಲ್ಲ, ಇಂವನ ಬಾಯಿಲೆ ಅವ್ವ ಅಂತ ಅನಿಸಿಕೊಳ್ಳಂಗಿಲ್ಲ ಅಂತ ಆಣಿ ಮಾಡಿದೆ.

ಮಾತು ಬಂದಾಗ ಅಂವ ಮೊದಲು ಅಂದದ್ದು ಅವ್ವಾ ಅಂತ. ನನ್ನ ಮುಖ ನೋಡಿ ಅಂದ. ನಾ ಕೈಲೆ ಅಂವನ ಬಾಯಿ ಮುಚ್ಚಿದೆ. ಮತ್ತ ಅಂದ, ಮತ್ತ ಮುಚ್ಚಿದೆ. ಮೂರು ದಿನಕ್ಕ ಕಲಿತ.

ಐದು ವರ್ಷ ಆಗೋ ತನಕ ದಿನಾ ಮುಂಜಾನಿ ಎದ್ದು ಅಂವನ ಎರಡೂ ಕಿವಿ ಮೂಸಿ ನೋಡತಿದ್ದೆ. ನೀ ಹುಟ್ಟಿದ ಮ್ಯಾಲ ನಿಂದೂ ಮೂಸತಿದ್ದೆ. ಅವ್ವ ಮುದ್ದು ಮಾಡತಾಳ ಅಂತ ನೀವಿಬ್ಬರೂ ನಗತಿದ್ರಿ.

ಡಾಕ್ಟ್ರಮ್ಮಗ ಈ ಕಾಗದ ತೋರಸು. ತಡಾ ಮಾಡಬ್ಯಾಡ. ತಡಾ ಮಾಡಿದ್ದು ನಾ ಒಬ್ಬಾಕಿ ಸಾಕು.

ನಿನ್ನ ಅವ್ವ


ರಾಯಚೂರು
30 ಜೂನ್ 2024

ಅವ್ವಾ,

ಆ ರೊಟ್ಟಿ ನಾನೇ ತಿಂದೆ. ಅಂಚು ಸುಟ್ಟ ರೊಟ್ಟಿ ಯಾರ ಕೈಯದು ಅಂತ ನನಗೆ ಗೊತ್ತಾಗದೇ ಇರುತ್ತದಾ? ಗೇಟಿನವರೆಗೂ ಓಡಿದೆ, ನಿನ್ನ ಬಸ್ಸು ಹೋಗಿತ್ತು.

ನಿನ್ನ ಕಾಗದ ಬಂದ ದಿನ ಯಾರ ಜೊತೆಯೂ ವಾದ ಮಾಡಲಿಲ್ಲ. ಶೇಖರ ಅವರ ಮುಂದೆ ಇಟ್ಟು ಅಡುಗೆಮನೆಗೆ ಹೋದೆ. ಆಮೇಲೆ ಬಂದು, ನಾಡಿದ್ದು ಹೈದರಾಬಾದಿಗೆ ಹೋಗೋಣ, ರಜೆ ಹಾಕ್ತೀನಿ ಅಂದರು. ಅತ್ತೆಗೂ ಅವರೇ ಓದಿ ಹೇಳಿದರು. ಬಂಡಿಯ ಮಾತು ಬಂದಾಗ ಅತ್ತೆ ಎದ್ದು ಬಂದು ನನ್ನ ಕೈಯಿಂದ ಲಟ್ಟಣಿಗೆ ಇಸಿದುಕೊಂಡು ತಾವೇ ಚಪಾತಿ ಲಟ್ಟಿಸಿದರು.

ಡಾಕ್ಟರು ಊಹಿಸಿದ್ದೇ ನಿಜ ಆಯಿತು. ರೋಗದ ಜೊತೆ ಹೋರಾಡುವ ಅಂಶ ಇವನ ರಕ್ತದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ತಾಯಿಯ ರಕ್ತದಿಂದ ಬಂದದ್ದು ಮೊದಲ ಆರು ತಿಂಗಳು ಮಗುವನ್ನು ಕಾಯುತ್ತದೆ, ಅದು ಮುಗಿದ ಮೇಲೆ ಒಂದೊಂದೇ ಶುರುವಾಗುತ್ತದೆ. ನೀನು ಬರೆದ ಆರು ತಿಂಗಳು ಅನ್ನುವ ಮಾತಿನ ಕೆಳಗೆ ಡಾಕ್ಟರು ಎರಡು ಗೆರೆ ಎಳೆದರು. ಯಾವ ಪುಸ್ತಕದಲ್ಲೂ ಇದನ್ನು ಇಷ್ಟು ಚೊಕ್ಕ ಬರೆದಿಲ್ಲ, ನಿಮ್ಮ ತಾಯಿ ಏನು ಓದಿದ್ದಾರೆ ಅಂತ ಕೇಳಿದರು. ಸಾಕ್ಷರತೆ ಕ್ಲಾಸು ಅಂದೆ.

ಇವನಲ್ಲಿ ಇಲ್ಲದ ಅಂಶವನ್ನು ಈಗ ತಿಂಗಳಿಗೊಮ್ಮೆ ಡ್ರಿಪ್ ಹಾಕಿ ಕೊಡುತ್ತಾರೆ. ಜೀವನಪೂರ್ತಿ ಕೊಡಬೇಕು. ಕೊಡುತ್ತಾ ಇದ್ದರೆ ಶಾಲೆಗೆ ಹೋಗುತ್ತಾನೆ, ಆಡುತ್ತಾನೆ, ದೊಡ್ಡವನಾಗುತ್ತಾನೆ. ಮೊದಲ ಡ್ರಿಪ್ ಆಗಿ ಹದಿನಾರು ದಿನ ಆಯಿತು. ಕಿವಿ ಒಣಗುತ್ತಿದೆ. ನಿನ್ನೆ ದಿಂಬಿನ ಮೇಲೆ ಕಲೆ ಇರಲಿಲ್ಲ, ಎದ್ದ ಕೂಡಲೇ ಅವನ ಕಿವಿ ಮೂಸಿದೆ. ಅವನೂ ನಕ್ಕ.

ಇನ್ನೊಂದು ಮಾತು. ಇದು ತಾಯಿಯಿಂದ ಗಂಡುಮಕ್ಕಳಿಗೆ ಇಳಿಯುವ ಕಾಯಿಲೆ. ಹೆಂಗಸರು ಹೊತ್ತು ತರುತ್ತೇವೆ, ನಮಗೆ ಏನೂ ಆಗುವುದಿಲ್ಲ. ನಿನ್ನಿಂದ ನನಗೆ, ನನ್ನಿಂದ ಇವನಿಗೆ ಬಂದಿದೆ. ನೀನು ಯಾರನ್ನೂ ತಿಂದಿಲ್ಲ ಅವ್ವಾ, ಇದರಲ್ಲಿ ಯಾರದೂ ತಪ್ಪಿಲ್ಲ. ಹುಟ್ಟುವ ಗಂಡುಮಕ್ಕಳಲ್ಲಿ ಕೆಲವರಿಗೆ ಬರುತ್ತದೆ, ಕೆಲವರಿಗೆ ಬರುವುದಿಲ್ಲ. ಅಣ್ಣನಿಗೆ ಬರಲಿಲ್ಲ. ನೀನು ಮೊರಕ್ಕೆ ಹಾಕುವ ಮೊದಲೇ, ಹುಟ್ಟಿದ ದಿನವೇ ಅವನು ಪಾರಾಗಿದ್ದ. ನೀನು ಈಗ ಅವನಿಂದ ಏನು ಬೇಕಾದರೂ ಕರೆಸಿಕೊಳ್ಳಬಹುದು.

ಡಾಕ್ಟರು ನಮ್ಮ ವಂಶದ ನಕ್ಷೆ ಬರೆದಿದ್ದಾರೆ. ಹೆಂಗಸರಿಗೆ ಸುತ್ತು, ಗಂಡಸರಿಗೆ ಚೌಕ. ನಿನ್ನ ಸುತ್ತಿನ ಕೆಳಗೆ ಗೆರೆ ಎಳೆದು ಎರಡು ಕಪ್ಪು ಚೌಕ, ಆಮೇಲೆ ಅಣ್ಣನ ಬಿಳಿ ಚೌಕ, ಆಮೇಲೆ ನಾನು. ಕಪ್ಪು ಚೌಕದವರ ಹೆಸರೇನು ಅಂತ ಕೇಳಿದರು. ನನ್ನ ಅಣ್ಣಂದಿರ ಹೆಸರು ನನಗೆ ಗೊತ್ತಿರಲಿಲ್ಲ.

ನಿನ್ನ ಸುಜಾತಾ


ದೇವದುರ್ಗ
14 ಜುಲೈ 2024

ಸುಜಾತಾಗ ಅವ್ವ ಬರಿಯೋದು.

ದೊಡ್ಡಂವ ಅಂಜಿನೇಯ. ಸಣ್ಣಂವ ಮೌನೇಶ.

ಇಷ್ಟು ಬರಿಯಾಕ ಮೂರು ದಿನ ಹಿಡೀತು. ಬರದು ನೋಡಿದೆ. ಅವರು ಹೋದಾಗ ರೇಷನ್ ಕಾರ್ಡಿನ್ಯಾಗ ಇದ್ದಿಲ್ಲ, ಶಾಲಿ ಪಟ್ಟಿಗೆ ಮುಟ್ಟಲಿಲ್ಲ, ಫೋಟೋ ಇಲ್ಲ. ಯಾವ ಕಾಗದದಾಗೂ ನನ್ನ ಇಬ್ಬರು ಮಕ್ಕಳು ಇದ್ದಿಲ್ಲ. ಡಾಕ್ಟ್ರಮ್ಮನ ಕಾಗದದಾಗ ಅದಾರ ಅಂದ್ರ ಆ ಕಾಗದ ನನಗ ಬೇಕು. ಹೆಸರು ಬರಿಸಿ ಕಳಸು. ಕಪ್ಪು ಚೌಕ ಆದ್ರೂ ಆಗ್ಲಿ.

ಕೂಸಿನ ಕಿವಿ ಒಣಗಾಕತ್ತೇದ ಅಂತ ಓದಿ ಗುಲ್ಶನ್ ಬೇಗಂ ಮನಿಗೆ ಓಡಿ ಹೋಗಿ ಹೇಳಿದೆ. ಇಬ್ಬರೂ ಮುದುಕ್ಯಾರು ಕೂತು ಅತ್ವಿ, ಆಮ್ಯಾಲ ಶಾವಿಗಿ ಮಾಡಿ ತಿಂದ್ವಿ.

ಆದ್ರ ಪಕೀರಪ್ಪನ ಮಾತು ಬರದೀಯಲ್ಲ, ಮರುದಿನ ಅದನ್ನ ಮತ್ತೊಮ್ಮೆ ಓದಿ ನಾ ಉಣ್ಣಲಿಲ್ಲ. ಹುಟ್ಟಿದ ದಿನವೇ ಪಾರಾಗಿದ್ದ ಅಂದ್ರ, ನಾ ಆ ಬಾಯಿ ಮುಚ್ಚಿದ್ದು ಯಾತಕ್ಕ? ಮೂವತ್ತೈದು ವರ್ಷ ಅಂವ ನನ್ನನ್ನ ಯಕ್ಕಾ ಅಂತ ಕರದಾನ. ನೀ ಯವ್ವಾ ಅಂದಾಗೆಲ್ಲಾ ಅಂವ ನಿನ್ನ ಬಾಯಿ ನೋಡತಿದ್ದ. ನೀ ಸಣ್ಣಾಕಿ, ನಿನಗ ಗೊತ್ತಿಲ್ಲ, ನಾ ನೋಡೀನಿ.

ಒಂದು ಸಲ ಕೇಳಬೇಕು ಅಂತ ಜೀವ ಹಪಹಪಿಸತದ. ಆದ್ರ ಡಾಕ್ಟ್ರಮ್ಮಗ ರಕ್ತ ಗೊತ್ತದ, ಕರೆಂಟ್ ಕಂಬ ಗೊತ್ತಿಲ್ಲ. ಅಂವ ಅವ್ವ ಅಂದ ಮರುದಿನ ಕಂಬದ ಮ್ಯಾಲ ಏನಾರ ಆದ್ರ ನಾ ಯಾರ ಬಲ್ಲಿ ಹೋಗ್ಲಿ? ನನಗ ಯಕ್ಕಾ ಸಾಕು. ಅಂವಗ ಏನೂ ಹೇಳಬ್ಯಾಡ, ನನ್ನ ಮ್ಯಾಲ ಆಣಿ.

ನಿನ್ನ ಅವ್ವ
ಪಾರ್ವತೆಮ್ಮ


ಮಾನ್ವಿ
5 ಆಗಸ್ಟ್ 2024

ಯವ್ವಾ,

ನಾ ಪಕೀರಪ್ಪ. ಕಾಗದ ಬರಿಯಾಕ ನನಗ ತಂಗಿಯಂಗ ಬರಂಗಿಲ್ಲ, ತಪ್ಪಿದ್ರ ನಗಬ್ಯಾಡ.

ಹೋದ ವಾರ ರಾಯಚೂರಿಗೆ ಹೋಗಿದ್ದೆ. ಸಂಜೀವ ನನ್ನ ಬೈಕಿನ ಹಾರ್ನ್ ಒತ್ತಿ ಒತ್ತಿ ಓಣಿ ಎಬ್ಬಿಸಿದ. ಬರುವಾಗ ಸುಜಾತಾ ಒಂದು ಕವರ್ ಕೊಟ್ಟು, ಇದು ಅವ್ವಗ, ಏನೂ ಕೇಳಬ್ಯಾಡ, ನಾ ಹೇಳಬಾರದಂತ ಆಣಿ ಅದ ಅಂದಳು. ಕವರ್ ಅಂಟಿಸಿದ್ದಿಲ್ಲ. ಮರೆತಾಳೋ ಬೇಕಂತಲೇ ಬಿಟ್ಟಾಳೋ, ಅಕಿ ಟೀಚರ್, ಮರೆಯಾಕಿ ಅಲ್ಲ. ಒಳಗ ನಕ್ಷಾ ಇತ್ತು. ಲೈನ್‌ಮನ್ ಕೈಯಾಗ ನಕ್ಷಾ ಕೊಟ್ರ ಯಾವ ಲೈನ್ ಎಲ್ಲಿಂದ ಬಂತು ಅಂತ ನೋಡದ ಬಿಡತಾನೇನು? ನಿನ್ನ ಸುತ್ತು ಕಂಡಿತು. ಅಂಜಿನೇಯ ಕಂಡ, ಮೌನೇಶ ಕಂಡ, ಅವರ ಪಕ್ಕದಾಗ ನಾನು. ಬೈಕ್ ನಿಲ್ಲಿಸಿ ಬೇವಿನ ಗಿಡದ ಕೆಳಗ ಬಹಳ ಹೊತ್ತು ಕೂತಿದ್ದೆ.

ಮರುದಿನ ನಿನಗ ಹೇಳದ ದೇವದುರ್ಗಕ್ಕ ಬಂದು ಅಮ್ಮೀನ ಕೇಳಿದೆ. ನೀ ಶಾಲಿಗೆ ಹೋಗಿದ್ದಿ. ಅಮ್ಮೀ ಎಲ್ಲಾ ಹೇಳಿದಳು, ಅಕಿ ಬಾಯಿ ಮ್ಯಾಲ ಆಣಿ ಇಲ್ಲಂತ. ನನಗ ಮಾತು ಬಂದ ಮೂರು ದಿನದ್ದೂ ಹೇಳಿದಳು. ಆ ಮೂರು ದಿನ ನೀ ಅಕಿ ಮನಿಗೆ ಬಂದು ಬಾಗಿಲ ಹಾಕಿಕೊಂಡು ಅಳತಿದ್ದಿಯಂತ.

ನಿನ್ನ ಮಗನ್ನ ಹಡದಾಕಿಗೆ ವಾಪಸ್ ಕೊಡತಿಯೇನು ಅಂತ ಅಮ್ಮೀನ ಕೇಳಿದೆ. ಅಕಿ ನಕ್ಕಳು. ನಾ ಬಿಟ್ಟಿ ತಂದಾಕಿ ಅಲ್ಲ, ನನ್ನ ಜೋಳ ನನಗ ತಂದು ಕೊಟ್ರ ಕೊಡತೀನಿ ಅಂದಳು. ಕೊಟ್ಟ ಮ್ಯಾಲೂ ಅಮ್ಮೀ ಅನ್ನೋದು ಬಿಡಂಗಿಲ್ಲ ಅಂತ ನನ್ನ ಬಲ್ಲಿ ಮಾತು ತಗೊಂಡಾಳ.

ನಕ್ಷಾ ಇದರ ಜೋಡಿ ಅದ. ಈ ಕಾಗದ ಮುಟ್ಟಿದ ಮ್ಯಾಲ ಬರೋ ಮೊದಲ ಐತವಾರ ಬರತೀನಿ. ಉಡ್ಯಾಗ ಒಂದು ಹಿಡಿ ಜೋಳ ಕಟ್ಟಿಕೊಂಡು ಬಾಗಿಲದಾಗ ನಿಂತಿರು, ಇಬ್ಬರೂ ಕೂಡಿ ಅಮ್ಮೀ ಮನಿಗೆ ಹೋಗೋಣು.

ನಿನ್ನ ಮಗ
ಪಕೀರಪ್ಪ

ಮತ್ತ, 16 ಆಗಸ್ಟ್. ಈ ಕಾಗದ ಬರದ ದಿನವೇ ಹಾಕಲಿಲ್ಲ. ನಿನಗ ಯಾತರ ಭಯ ಅನ್ನೋದನ್ನ ಸುಜಾತಾ ಬಾಯಿ ಬಿಡದಿದ್ರೂ ಅಮ್ಮೀ ಹೇಳ್ಯಾಳ. ಅದಕ್ಕ ಹನ್ನೊಂದು ದಿನ ಇದನ್ನ ಅಂಗಿ ಕಿಸೆದಾಗ ಇಟ್ಟುಕೊಂಡೇ ಕಂಬ ಹತ್ತೀನಿ. ಮಳಿ ಬಂದಾಗ ಹತ್ತೀನಿ, ಹಿರೇಕೊಟ್ನೆಕಲ್ಲಿನ ಆ ಬಾಗಿದ ಕಂಬನೂ ಹತ್ತೀನಿ. ದಿನಾ ಹತ್ತಿದೆ, ದಿನಾ ಇಳಿದೆ, ದಿನಾ ನಿನಗ ಫೋನ್ ಮಾಡಿ ಇಳಿದೀನಿ ಅಂದೆ. ಈಗ ಪೋಸ್ಟ್ ಡಬ್ಬಿ ಮುಂದ ನಿಂತೀನಿ. ಬೆವರಿಗೆ ಮೊದಲ ಸಾಲಿನ ಶಾಯಿ ಹರಡೇದ, ಓದಾಕ ಬರದಿದ್ರ ಅಂತ ಇಲ್ಲಿ ಮತ್ತೊಮ್ಮೆ ಬರಿತೀನಿ. ಅಲ್ಲಿ ಇರೋದು ಯವ್ವಾ ಅಂತ.